ಬ್ಯಾಟರಿ ಉಳಿಸಿದ್ದು

ಇಳಕಲ್ಲಿನಲ್ಲಿ ನನ್ನ ಮನೆಗೂ ಅಣ್ಣನ ಮನೆಗೂ ನಡುವೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆಯಿದೆ. ನಮ್ಮೂರಿನ ಕೆಂಪು ಕಲ್ಲು ಕಡಲು ದಾಟಿ ಹೋಗಿ ದೊಡ್ಡವರ ಅಂಗಳಕ್ಕೆ ಹಾಸುಗಲ್ಲಾಗಿದೆಯೆಂದು ಕೇಳಿದ್ದೇನೆ. ಹಾಗೆ ಹೋಗುವ ಯೋಗ್ಯತೆ ಇಲ್ಲವೆಂದು ಖಣಿಯವರು ಪಕ್ಕಕ್ಕೆಸೆದ ತುಂಡುಗಳು ಊರಲ್ಲೇ ಉಳಿದು ಅಣ್ಣತಮ್ಮಂದಿರ ನಡುವಿನ ಗೋಡೆಗಳಾದವು. ನಮ್ಮದು ಅಂಥ ಒಂದು ಗೋಡೆ. ಕಟ್ಟಿದ ಗೌಂಡಿ ತನ್ನ ಕೆಲಸದ ಬಗ್ಗೆ ಅಭಿಮಾನವುಳ್ಳ ಮನುಷ್ಯ. ಮುಗಿದ ದಿನ ಅದರ ಮೇಲೆ ಅಂಗೈ ಬಡಿದು, "ಮಾಸ್ತರ, ಇನ್ನ ಆ ಕಡೆಯವ್ರು ಸೀನಿದ್ರೂ ಈ ಕಡಿ ಕೇಳಂಗಿಲ್ಲ ನೋಡ್ರಿ" ಎಂದು ಭರವಸೆ ಕೊಟ್ಟ. ಅದು ಪೂರ್ತಿ ನಿಜವಾಗಲಿಲ್ಲ. ಅಣ್ಣ ಸೀನಿದ್ದು ಕೇಳುತ್ತಿತ್ತು, ಕೆಮ್ಮಿದ್ದು ಕೇಳುತ್ತಿತ್ತು, ಮುಂಜಾನೆಯಿಂದ ಸಂಜೆಯವರೆಗೆ ಅವನ ಮಗ್ಗದ ಸಪ್ಪಳ ಕೇಳುತ್ತಿತ್ತು. ಮಾತು ಮಾತ್ರ ಕೇಳುತ್ತಿರಲಿಲ್ಲ. ಅದರಲ್ಲಿ ಗೋಡೆಯ ತಪ್ಪೇನೂ ಇಲ್ಲ. ನಮ್ಮಲ್ಲಿ ಮಾತೇ ಇರಲಿಲ್ಲ.

ಮಾತು ನಿಂತದ್ದು ತೊಂಬತ್ತರ ದಶಕದ ಕೊನೆಯ ಒಂದು ಅಮಾವಾಸ್ಯೆಯ ದಿನ. ನಾವು ನೇಕಾರರು. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯ್ದ. ಅವನ ನಂತರ ಅದೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಅಣ್ಣ ನೇಯ್ದ. ನಾನೊಬ್ಬ ಓದಿ, ಹುನಗುಂದದ ಹೈಸ್ಕೂಲಿನಲ್ಲಿ ಸಮಾಜ ಕಲಿಸುವ ಮಾಸ್ತರನಾಗಿ, ದಿನಾಲು ಬಸ್ಸಿನಲ್ಲಿ ಹೋಗಿಬರುವ ಗೌರವಸ್ಥನಾದೆ. ಅಮಾವಾಸ್ಯೆಯಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ತಿಂಗಳಿಗೊಮ್ಮೆ ಅದಕ್ಕೂ ಮೈ ಚಾಚಲು ಬಿಡಬೇಕು. ಆ ದಿನ ಅಣ್ಣನೂ ನಾವು ವೈನಿ ಎನ್ನುವ ಅತ್ತಿಗೆಯೂ ತುಳಸಿಗೇರಿ ಹನುಮಪ್ಪನ ದರ್ಶನಕ್ಕೆ ಹೋಗಿದ್ದರು. ಇತ್ತ ನಮ್ಮ ಹೆಡ್‌ಮಾಸ್ತರರು ಪತ್ನೀಸಮೇತರಾಗಿ, ಸೀರೆ ನೇಯುವುದನ್ನು ನೋಡಬೇಕೆಂದು ಮನೆಗೆ ಬಂದರು. ಅತಿಥಿಗಳನ್ನು ನಿರಾಶೆಗೊಳಿಸಬಾರದೆಂಬ ಉದಾತ್ತ ಭಾವನೆಯಿಂದ ನಾನು ಪ್ಯಾಂಟು ಮಡಿಚಿ ಕುಣಿಗಿಳಿದೆ. ಹದಿನೈದು ವರ್ಷ ಲಾಳಿ ಮುಟ್ಟದ ಕೈ. ನಾಲ್ಕು ಎಳೆ ಹಾಕುವಷ್ಟರಲ್ಲಿ ಹಾಸಿನ ಎಳೆಗಳು ಪಟಪಟನೆ ಹರಿದವು. ಹೆಡ್‌ಮಾಸ್ತರರ ಹೆಂಡತಿ, "ಭಾಳ ನಾಜೂಕ ಇರತಾವಲ್ರಿ" ಎಂದರು. ಹೌದೆಂದೆ.

ಸಂಜೆ ಅಣ್ಣ ಬಂದು ಮಗ್ಗ ನೋಡಿದ. ಎಳೆ ಹರಿದದ್ದಕ್ಕೆ ಅವನು ಏನೂ ಅನ್ನಲಿಲ್ಲ, ಕೈ ಹಿಂದೆ ಕಟ್ಟಿ ಅವನ್ನು ಒಂದೊಂದಾಗಿ ನೋಡುತ್ತ ಇಷ್ಟೇ ಕೇಳಿದ, "ಸಾಲಿ ಕಲ್ತವ್ರಿಗಿ ಅಮಾಸಿ ಬ್ಯಾರೆ ಇರತೈತೇನು?"

ಸುಮ್ಮನಿರಬಹುದಿತ್ತು. "ಕುಣಿಯಾಗ ಕುಂತು ಕುಂತು ನಿನ್ನ ತಲೀನೂ ಕುಣಿಯಾಗ ಉಳದೈತಿ" ಎಂದೆ.

ಅವನು ನನ್ನ ಕಡೆ ತಿರುಗಿದ. "ಈ ಕುಣಿಯಾಗ ಕುಂತ ಅಪ್ಪ ನಿನಗ ಸಾಲಿ ಕಲಿಸ್ಯಾನ" ಎಂದ.

ಇದು ಅವನು ನನ್ನೊಂದಿಗೆ ಆಡಿದ ಕೊನೆಯ ಮಾತೆಂದು ಆಗ ನನಗೆ ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಗೋಡೆ ಎದ್ದಿತು.

ಮಾತು ಬಿಡುವುದು ಸುಲಭವಲ್ಲ. ಅದಕ್ಕೂ ಒಂದು ಶಿಸ್ತು ಬೇಕು. ಓಣಿಯಲ್ಲಿ ಎದುರಾದರೆ ಅವನು ಸೋಮಲಿಂಗನ ಗುಡಿಯ ಕಡೆ ನೋಡುತ್ತಿದ್ದ, ನಾನು ಕರೆಂಟಿನ ತಂತಿ ನೋಡುತ್ತಿದ್ದೆ. ಹೆಂಗಸರಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ನನ್ನ ಹೆಂಡತಿಯೂ ವೈನಿಯೂ ಹಿತ್ತಲಿನ ನಳದ ಹತ್ತಿರ ನಿಂತು ದಿನಕ್ಕೆ ಎರಡು ಹೊತ್ತು ಮಾತಾಡುತ್ತಿದ್ದರು. ಲಗ್ನ, ಸಾವು, ಜಡ್ಡು, ಎಲ್ಲ ಸುದ್ದಿಯೂ ಆ ನಳದ ಮೂಲಕವೇ ಹರಿದುಬರುತ್ತಿತ್ತು. "ಭಾವಾರಿಗೆ ಮೊಣಕಾಲ ಬ್ಯಾನಿ ಅಂತ್ರಿ" ಎಂದು ನನ್ನ ಹೆಂಡತಿ ಯಾರನ್ನೂ ಉದ್ದೇಶಿಸದೆ ಗಾಳಿಗೆ ಹೇಳುತ್ತಿದ್ದಳು. ನಾನೂ ಗಾಳಿಗೇ, "ಎಣ್ಣಿ ಹಚ್ಚಿ ಬಿಸಿನೀರ ಹಾಕ್ಕೋಬೇಕು" ಎನ್ನುತ್ತಿದ್ದೆ. ಮರುದಿನ ಗೋಡೆಯಾಚೆಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಹೀಗೆ ಎಂಟೊಂಬತ್ತು ವರ್ಷ ನಡೆಯಿತು.

ಆಮೇಲೆ ಮೊಬೈಲುಗಳು ಬಂದವು. ಅಣ್ಣನಿಗೆ ಅದರ ಹುಚ್ಚೇನೂ ಇರಲಿಲ್ಲ. ಸೀರೆ ಅಂಗಡಿಯವರು ಅಂಚಿನ ದಡಿಯ ನಮೂನೆಗಳನ್ನು ಕಾಗದದಲ್ಲಿ ಬರೆದುಕೊಡುವುದನ್ನು ಬಿಟ್ಟು ಫೋಟೋ ತೆಗೆದು ಮೊಬೈಲಿನಿಂದ ಮೊಬೈಲಿಗೆ ದಾಟಿಸತೊಡಗಿದ್ದರು. ಅದಕ್ಕಾಗಿ ಅವನೂ ಒಂದು ತೆಗೆದುಕೊಳ್ಳಬೇಕಾಯಿತು. ಅಂಗಡಿಯ ಗುಮಾಸ್ತನೇ ಅದರಲ್ಲಿ ಬ್ಲೂಟೂತ್ ಹಚ್ಚಿಕೊಟ್ಟು, ಇಂಗ್ಲಿಷ್ ಅಕ್ಷರದಲ್ಲಿ 'ಮಗ್ಗ' ಎಂದು ಹೆಸರಿಟ್ಟು ಕಳಿಸಿದ್ದ. ನನಗೆ ಇದು ಯಾವುದೂ ತಿಳಿದಿರಲಿಲ್ಲ.

ನನ್ನದು ಬೇರೆ ದಾರಿ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮಾಸ್ತರರಿಗೆಲ್ಲ ಕಂಪ್ಯೂಟರ್ ತರಬೇತಿ ಇಟ್ಟಿದ್ದರು. ಐದು ದಿನದ ತರಬೇತಿಯಲ್ಲಿ ಎರಡು ದಿನ ಕರೆಂಟು ಇರಲಿಲ್ಲ, ಒಂದು ದಿನ ಉದ್ಘಾಟನೆ, ಒಂದು ದಿನ ಸಮಾರೋಪ. ಉಳಿದ ದಿನ ಪಕ್ಕದಲ್ಲಿ ಕುಳಿತ ಗಣಿತದ ಮಾಸ್ತರರು ನನ್ನ ಮೊಬೈಲಿನಲ್ಲಿ ಬ್ಲೂಟೂತ್ ಎಂಬುದು ಇದೆಯೆಂದು ತೋರಿಸಿದರು. ನನ್ನದಕ್ಕೆ 'ಮಾಸ್ತರ' ಎಂದು ಹೆಸರು ಕೊಟ್ಟು, 'ಹುಡುಕು' ಒತ್ತಲು ಹೇಳಿದರು. ಒತ್ತಿದರೆ ಆ ಕೋಣೆಯಲ್ಲಿದ್ದವರ ಮೊಬೈಲುಗಳ ಹೆಸರು ಒಂದರ ಕೆಳಗೊಂದು ಹಾಜರಿ ಪುಸ್ತಕದಂತೆ ಬಂದವು. ಹಾಜರಿ ಎಂದರೆ ನನಗೆ ಮೊದಲಿನಿಂದಲೂ ಪ್ರೀತಿ.

ಆ ಸಂಜೆ ಇಳಕಲ್ಲಿಗೆ ಬಂದು, ಅಂಗಿ ಕಳಚಿ, ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು, ಕಲಿತದ್ದನ್ನು ಮರೆಯಬಾರದೆಂದು 'ಹುಡುಕು' ಒತ್ತಿದೆ. ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ಒಂದೇ ಒಂದು ಹೆಸರು ಬಂತು: ಮಗ್ಗ.

ನಾನು ಅದನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ಗೌಂಡಿಯ ಒಂದೂವರೆ ಅಡಿ ಕಲ್ಲನ್ನು ದಾಟಿ ಅಣ್ಣ ನನ್ನ ಅಂಗೈಯೊಳಗೆ ಬಂದು ಕುಳಿತಿದ್ದ.

ಅಂದಿನಿಂದ ದಿನಾಲು ಸಂಜೆ ಹುಡುಕುವುದು ನನಗೆ ಸಂಧ್ಯಾವಂದನೆಯಂತಾಯಿತು. ಹೆಸರು ಬಂದರೆ ಅಣ್ಣ ಮನೆಯಲ್ಲಿದ್ದಾನೆ. ಬರದಿದ್ದರೆ ಸಂತೆಗೋ ಅಂಗಡಿಗೋ ಹೋಗಿದ್ದಾನೆ. ಮಾತಾಡಿಸಬೇಕಿಲ್ಲ, ಮುಖ ನೋಡಬೇಕಿಲ್ಲ, ಮಾನ ಕಳೆದುಕೊಳ್ಳಬೇಕಿಲ್ಲ. ಫೋನು ಮಾಡಿದರೆ 'ಹಲೋ' ಎನ್ನಬೇಕು. ಹಲೋ ಎಂದವನು ಸೋತಂತೆ. ಇದರಲ್ಲಿ ಆ ತೊಂದರೆ ಇರಲಿಲ್ಲ.

ನನ್ನ ಹೆಸರೂ ಅವನಿಗೆ ಕಾಣಬಹುದೆಂಬುದು ನನಗೆ ಹೊಳೆದಿರಲಿಲ್ಲ. ಒಂದು ಅಮಾವಾಸ್ಯೆಯ ಸಂಜೆ ಕೈಯಲ್ಲಿದ್ದ ಮೊಬೈಲು ಗುಂಯ್ ಎಂದು ನಡುಗಿತು. 'ಮಗ್ಗ' ಏನೋ ಕಳಿಸುತ್ತಿದೆ, ತೆಗೆದುಕೊಳ್ಳಲೇ ಎಂದು ಕೇಳಿತು. ನಾನು ಹೆಂಡತಿಯನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ನೋಡಿ, "ತಗೋರಿ ಮತ್ತ. ಬಾಗಲಾ ಬಡದಾರ, ಯಾರ ಅಂತ ಕೇಳಕೋತ ಕುಂದರತಾರೇನು?" ಎಂದಳು. ತೆಗೆದುಕೊಂಡೆ. ಒಂದು ಫೋಟೋ. ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಸೆರಗು, ಅದರ ಮೇಲೆ ಬಿಳಿ ತೆನೆಗಳ ಸಾಲು. ಅಕ್ಷರ ಒಂದೂ ಇಲ್ಲ. ಅಣ್ಣ ಬರೆಯುವವನಲ್ಲ.

"ಏನಂತಾರ?" ಎಂದು ಹೆಂಡತಿ ಕೇಳಿದಳು.

"ಏನೂ ಅಂದಿಲ್ಲ. ಸೆರಗ ತೋರಿಸ್ಯಾನ."

"ಛಲೋ ಬಂದೈತಿ" ಎಂದು ಅವಳು ರೊಟ್ಟಿಗೆ ಹೋದಳು.

ಉತ್ತರ ಕೊಡಲು ನನಗೆ ಒಂದು ವಾರ ಬೇಕಾಯಿತು. ಶಾಲೆಯಿಂದ ಬಾದಾಮಿ, ಮಹಾಕೂಟಕ್ಕೆ ಪ್ರವಾಸ ಹೋದಾಗ ಮಹಾಕೂಟದ ಹೊಂಡದ ಫೋಟೋ ತೆಗೆದೆ. ಚಿಕ್ಕಂದಿನಲ್ಲಿ ನಾನು ಆ ಹೊಂಡದಲ್ಲಿ ಮುಳುಗುತ್ತಿದ್ದಾಗ ಅಣ್ಣ ಜುಟ್ಟು ಹಿಡಿದು ಮೇಲಕ್ಕೆಳೆದಿದ್ದ. ಸಂಜೆ ಬಂದು ಕಳಿಸಿದೆ. ಆಚೆ ಸಪ್ಪಳವಿಲ್ಲ. ಧೈರ್ಯ ಮಾಡಿ ಎರಡನೆಯದನ್ನೂ ಕಳಿಸಿದೆ: ಬಾದಾಮಿಯಲ್ಲಿ ಮಂಗ್ಯಾ ಒಂದು ನಮ್ಮ ಹೆಡ್‌ಮಾಸ್ತರರ ಹೆಗಲೇರಿ ಕುಳಿತು, ಅವರ ಕನ್ನಡಕವನ್ನು ತಾನು ಹಾಕಿಕೊಳ್ಳಲು ಪ್ರಯತ್ನಿಸುತ್ತಿರುವುದು. ಸ್ವಲ್ಪ ಹೊತ್ತು ಬಿಟ್ಟು ಗೋಡೆಯಾಚೆಯಿಂದ ನಗೆ ಕೇಳಿತು. ಅಣ್ಣನ ನಗೆ ಮೊದಲು ಕೆಮ್ಮಿನಂತೆ ಶುರುವಾಗಿ ಆಮೇಲೆ ನಗೆಯಾಗುತ್ತದೆ. ಅದನ್ನು ನಾನು ಒಂಬತ್ತು ವರ್ಷ ಕೇಳಿರಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡು ಕುಳಿತೆ. ಹೆಂಡತಿ ಒಳಗಿನಿಂದ ಬಂದು ನೋಡಿದಳು. ಚಹಾ ಇಟ್ಟು ಹೋದಳು.

ಆಮೇಲೆ ಫೋಟೋಗಳು ಓಡಾಡತೊಡಗಿದವು. ಅವನು ಹೆಚ್ಚಾಗಿ ಅಮಾವಾಸ್ಯೆಗೆ ಕಳಿಸುತ್ತಿದ್ದ, ಅಂದು ಕೈ ಖಾಲಿ. ಒಂದು ಸಲ ಹೊಸ ದಡಿ, ಒಂದು ಸಲ ಓಣಿಯ ಕರು, ಒಂದು ಸಲ ಅವನದೇ ಎಡಗಾಲಿನ ಹೆಬ್ಬೆರಳು. ಒಮ್ಮೆ ಪೂರ್ತಿ ಕತ್ತಲೆಯ ಫೋಟೋ ಬಂತು. ಅದರ ಗೂಢಾರ್ಥವನ್ನು ನಾನು ಎರಡು ದಿನ ಚಿಂತಿಸಿದೆ. ಕೊನೆಗೆ ನಳದ ಮೂಲಕ ಸುದ್ದಿ ಬಂತು: ಬೆರಳು ಅಡ್ಡ ಬಂದಿತ್ತಂತೆ.

ಓಣಿಯಲ್ಲಿ ಎದುರಾದರೆ ಅವನು ಈಗಲೂ ಗುಡಿ ನೋಡುತ್ತಿದ್ದ, ನಾನು ತಂತಿ ನೋಡುತ್ತಿದ್ದೆ. ಆದರೆ ಇಬ್ಬರ ತುಟಿಯೂ ಸ್ವಲ್ಪ ಸಡಿಲವಾಗಿತ್ತು. ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ. ಯುಗಾದಿಗೆ ನಮ್ಮ ಕಡೆ ಬೇವು ಮಾಡುತ್ತಾರೆ. ಬೇವಿನ ಹೂವು, ಬೆಲ್ಲ, ಪುಟಾಣಿ, ಒಣಹಣ್ಣು ಹಾಕಿದ ಪಾನಕ. ಕಿರಿಯರು ಹಿರಿಯರ ಮನೆಗೆ ಹೋಗಿ ಕುಡಿದು ಕಾಲು ಮುಟ್ಟಬೇಕು. ಬರುವ ಯುಗಾದಿಗೆ ಅಣ್ಣನ ಮನೆಗೆ ಹೋಗುವುದು, ಬೇವು ಕುಡಿಯುವುದು, ಕಾಲು ಹಿಡಿಯುವುದು. ಹೆಂಡತಿಗೆ ಹೇಳಿದೆ. "ಯುಗಾದಿ ತನಕ ಯಾಕ, ಇವತ್ತ ಹೋಗ್ರಿ" ಎಂದಳು. ಎಲ್ಲದಕ್ಕೂ ಒಂದು ಮುಹೂರ್ತ ಇರಬೇಕೆಂದು ಅವಳಿಗೆ ವಿವರಿಸಿದೆ.

ಇಲ್ಲಿ ಬ್ಯಾಟರಿಯ ಪ್ರಶ್ನೆ ಎದ್ದಿತು.

ಎರಡು ಮನೆಯ ಮೊಬೈಲುಗಳೂ ಮಧ್ಯಾಹ್ನದೊಳಗೆ ಸತ್ತು ಬೀಳುತ್ತಿದ್ದವು. "ನಮ್ಮ ಮನ್ಯಾಗ ಎತ್ತಿಗಿ ಒಮ್ಮೆ ಮೇವ ಹಾಕತಿದ್ರು. ಇದಕ್ಕ ದಿನಕ್ಕ ಎರಡ ಸಲ ಹಾಕಬೇಕು" ಎಂದು ವೈನಿ ನಳದ ಹತ್ತಿರ ದೂರಿದ್ದರಂತೆ. ಇಳಕಲ್ಲಿನ ಕರೆಂಟು ಆಗ ಬಂದರೆ ಬಂತು, ಹೋದರೆ ಹೋಯಿತು. ದೀಪಾವಳಿಯ ಆಸುಪಾಸಿನಲ್ಲಿ ಎರಡು ದಿನ ಇರಲೇ ಇಲ್ಲ. ಆ ಎರಡು ದಿನ ಅಣ್ಣನ ಹೆಸರು ಕಾಣದೆ ನಾನು ಪಡಸಾಲೆಯಲ್ಲಿ ಅಡ್ಡಾಡಿದೆ. ಮೊದಲೇ ನಾನು ಉಳಿತಾಯದ ಮನುಷ್ಯ. ಖಾಲಿ ತರಗತಿಯಲ್ಲಿ ಫ್ಯಾನು ತಿರುಗುತ್ತಿದ್ದರೆ ಬೇರೆಯವರ ಪೀರಿಯಡ್ಡಿನಲ್ಲೂ ಹೋಗಿ ಆರಿಸಿ ಬರುವವನು. ಬಾಗಲಕೋಟೆಗೆ ಹೋದಾಗ ಮೊಬೈಲ್ ರಿಪೇರಿಯವನೊಬ್ಬನನ್ನು ಕೇಳಿದೆ.

ಅವನು ಕಣ್ಣಿಗೆ ಹಚ್ಚಿಕೊಂಡಿದ್ದ ಮಸೂರ ತೆಗೆದು ನನ್ನನ್ನು ನೋಡಿದ. "ಬ್ಲೂಟೂತ್ ಯಾವಾಗ್ಲೂ ಚಾಲೂ ಇಟ್ಟಿರಿ ಏನ್ರಿ ಸರ?"

"ಇಟ್ಟೇನಿ."

"ಅದು ಸುಮ್ಮ ಕುಂತಿರಂಗಿಲ್ರಿ. ಸುತ್ತ ಯಾರದಾರ, ಯಾರದಾರ ಅಂತ ಕೂಗಕೋತ ಇರತೈತಿ. ನೀವ ದಿನಾ ಕೂಗ್ರಿ ನೋಡೂಣು, ದಣಿಯಂಗಿಲ್ಲೇನು?"

"ಮತ್ತ ಬಂದ ಇಟ್ರ ಸಿಗಂಗಿಲ್ಲಲ್ಲ?"

"ಇಬ್ರೂ ಕೂಡಿ ಒಂದ ವ್ಯಾಳೆ ಇಟ್ಕೋರಿ. ಒಬ್ರು ಕೂಗೂ ಹೊತ್ತಿಗಿ ಇನ್ನೊಬ್ರು ಕಿವಿ ತಗದ ಕುಂತಿರಬೇಕು, ಅಷ್ಟ. ಉಳದ ಹೊತ್ತು ಮಲಗಿಸಿಬಿಡ್ರಿ. ಎರಡ ದಿನ ಬರತೈತಿ ಬ್ಯಾಟರಿ."

ಇಷ್ಟು ಸ್ಪಷ್ಟವಾಗಿ ನನಗೆ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲೇ ವೇಳಾಪತ್ರಿಕೆ ಸಿದ್ಧವಾಯಿತು. ನಾನು ಹುನಗುಂದದಿಂದ ಮನೆ ಸೇರುವುದು ಐದೂವರೆಗೆ. ಮುಖ ತೊಳೆದು ಚಹಾ ಕುಡಿದರೆ ಆರು. ಆರರಿಂದ ಆರೂವರೆ, ಬ್ಲೂಟೂತ್ ಪೀರಿಯಡ್. ಆರೂವರೆಗೆ ಬಂದ್. ಇದನ್ನು ಅಣ್ಣನಿಗೆ ತಿಳಿಸುವಂತೆ ಹೆಂಡತಿಗೆ ಹೇಳಿದೆ. ಅವಳು ಮರುದಿನ ನಳದ ಹತ್ತಿರ ವೈನಿಗೆ, "ಸಂಜಿ ಆರಕ್ಕ ಹಚ್ಚಬೇಕಂತ್ರಿ ಅಕ್ಕಾರ, ಅರ್ಧಾ ತಾಸು. ಉಳದ ಹೊತ್ತು ಬಂದ ಇಡಬೇಕಂತ" ಎಂದಳು. ವೈನಿ, "ಹೇಳತೇನಿ" ಎಂದರು.

ಅದು ಬಹಳ ಚೆನ್ನಾಗಿ ನಡೆಯಿತು. ಸಂಜೆ ಆರಕ್ಕೆ ನಾನು ಹಚ್ಚಿದರೆ, ಒಂದೆರಡು ನಿಮಿಷ ಹಿಂದೆಮುಂದೆ, 'ಮಗ್ಗ' ಬಂದು ನಿಲ್ಲುತ್ತಿತ್ತು. ಬ್ಯಾಟರಿ ಎರಡು ದಿನ ಬರತೊಡಗಿತು. ನನ್ನ ಯೋಜನೆಯ ಬಗ್ಗೆ ಸ್ಟಾಫ್ ರೂಮಿನಲ್ಲಿ ಸೂಕ್ಷ್ಮವಾಗಿ ಜಂಬ ಕೊಚ್ಚಿಕೊಂಡೆ.

ಸಂಕ್ರಾಂತಿ ಆದ ಮೇಲೆ ಅಣ್ಣ ತಡ ಮಾಡತೊಡಗಿದ. ಮೊದಲು ಆರೂ ಕಾಲಿಗೆ ಬಂದ. ಆಮೇಲೆ ಆರೂ ಇಪ್ಪತ್ತಕ್ಕೆ. ಆಮೇಲೆ ಪೀರಿಯಡ್ಡು ಮುಗಿಯಲು ಎರಡು ನಿಮಿಷ ಇರುವಾಗ. ತಡವಾಗಿ ಬರುವ ವಿದ್ಯಾರ್ಥಿಗಳ ಮನಸ್ಸು ನನಗೆ ಗೊತ್ತು. ಗೋಡೆಯಾಚೆ ಮಗ್ಗದ ಸಪ್ಪಳ ಮಾತ್ರ ನಿಂತಿರುತ್ತಿರಲಿಲ್ಲ; ನನಗಿಂತ ಅದೇ ಹೆಚ್ಚಾಯಿತು, ಆಸಕ್ತಿ ಕಡಿಮೆಯಾಗುತ್ತಿದೆ ಎಂದುಕೊಂಡೆ. ಅದೇ ದಿನಗಳಲ್ಲಿ ಶಾಲೆಯಲ್ಲಿ ಗೋಲ ತಿರುಗಿಸುತ್ತ ಎಂಟನೆಯ ತರಗತಿಗೆ ಉತ್ತರಾಯಣದ ಪಾಠ ಮಾಡುತ್ತಿದ್ದೆ: ಇನ್ನು ಮೇಲೆ ಹಗಲು ದೊಡ್ಡದಾಗುತ್ತ ಹೋಗುತ್ತದೆ, ಸೂರ್ಯ ತಡವಾಗಿ ಮುಳುಗುತ್ತಾನೆ. ಚೆನ್ನಾಗಿ ಪಾಠ ಮಾಡುತ್ತೇನೆಂದು ಹೆಸರಿತ್ತು ನನಗೆ.

ಶಿವರಾತ್ರಿಯ ಹೊತ್ತಿಗೆ 'ಮಗ್ಗ' ಕಾಣದಾಯಿತು. ಆರಕ್ಕೆ ಹಚ್ಚಿ, ಚಕ್ರ ತಿರುಗುವುದನ್ನು ನೋಡಿ, ಏನೂ ಸಿಗಲಿಲ್ಲವೆಂದು ಅದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಓದಿ, ಮತ್ತೆ ಒತ್ತಿ, ಆರೂವರೆಗೆ ಬಂದ್ ಮಾಡುತ್ತಿದ್ದೆ. ನಿಯಮ ಎಂದರೆ ನಿಯಮ. ಐದು ನಿಮಿಷ ಹೆಚ್ಚು ಇಟ್ಟಿದ್ದರೆ ಏನಾಗುತ್ತಿತ್ತೆಂದು ಈಗ ಕೇಳುವುದು ಸುಲಭ. ನಾನೂ ಬಹಳ ಸಲ ಕೇಳಿಕೊಂಡಿದ್ದೇನೆ. ಆಗ ಅನಿಸಿದ್ದು ಬೇರೆ: ಬಾರದವನಿಗಾಗಿ ನಾನೇಕೆ ನನ್ನ ಬ್ಯಾಟರಿ ಸುಡಲಿ?

ಹತ್ತು ದಿನ ನೋಡಿ ಹೆಂಡತಿ, "ನಾ ಅಕ್ಕಾರಿಗೆ ಕೇಳತೇನ್ರಿ, ಯಾಕ ಬಂದ ಮಾಡ್ಯಾರ ಅಂತ" ಎಂದಳು.

"ಕೇಳಬ್ಯಾಡ" ಎಂದೆ. "ಬ್ಯಾಡಾದವ್ರ ಬಾಗಲಾ ಬಡಿಯೂ ಮಂದಿ ಅಲ್ಲ ನಾವು. ಈ ಮಾತು ನಳದ ಹಂತ್ಯಾಕ ತಗೀಬ್ಯಾಡ."

"ಕೇಳಿದ್ರ ನಿಮ್ಮ ಗಂಟ ಏನ ಹೋಗತೈತಿ?"

"ತಗೀಬ್ಯಾಡ ಅಂದ್ನಲ್ಲ" ಎಂದೆ. ಅವಳು ತೆಗೆಯಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾತು ಕೇಳಿದ್ದು ಬೆರಳೆಣಿಕೆಯಷ್ಟು ಸಲ. ಅದರಲ್ಲಿ ಇದೂ ಒಂದಾಯಿತು.

ಯುಗಾದಿ ಬಂತು. ಹೊಸ ಧೋತರ ಉಟ್ಟು ಬಾಗಿಲವರೆಗೆ ಹೋದೆ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಓಣಿ ನೋಡುತ್ತ ನಿಂತೆ. ಕರೆಯದೆ ಹೋಗುವುದು ಹೇಗೆ ಎಂದಿತು ಮನಸ್ಸು. ಹಬ್ಬದ ದಿನ ತಮ್ಮನನ್ನು ಯಾರು ಕರೆಯುತ್ತಾರೆ? ತಮ್ಮ ಹೋಗಬೇಕು, ಅಷ್ಟೆ. ಇದು ನನಗೆ ಗೊತ್ತಿತ್ತು. ಒಳಗೆ ಬಂದು ಧೋತರ ಮಡಿಸಿಟ್ಟು ನಮ್ಮ ಮನೆಯ ಬೇವನ್ನೇ ಕುಡಿದೆ. ಆ ಸಲ ಸ್ವಲ್ಪ ಕಹಿ ಹೆಚ್ಚಾಗಿತ್ತೆಂದು ಹೆಂಡತಿಗೆ ಹೇಳಿದೆ. ಅವಳು ಖಾಲಿ ಬಟ್ಟಲು ಎತ್ತಿಕೊಂಡು ಹೋದಳು.

ಅದಾದ ಮೂರನೆಯ ವಾರ ನಾನು ವಿದ್ಯಾಗಿರಿಯಲ್ಲಿ ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಮಧ್ಯಾಹ್ನ ಸಿಪಾಯಿ ಬಂದು, ಮನೆಯಿಂದ ಆಫೀಸಿಗೆ ಫೋನು ಬಂದಿದೆ ಎಂದ. ಅಣ್ಣ ಮಗ್ಗದ ಮೇಲೆ ಕುಳಿತಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಓಣಿಯವರು ಜೀಪಿನಲ್ಲಿ ಹಾಕಿಕೊಂಡು ಬಾಗಲಕೋಟೆಗೇ ಕರೆತಂದಿದ್ದರು. ನಾನು ಕೆಂಪು ಪೆನ್ನು ಹಿಡಿದುಕೊಂಡೇ ದವಾಖಾನೆಗೆ ಓಡಿದೆ. ವೈನಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ಒಳಗೆ ಹೋದೆ. ಅಣ್ಣನ ಬಲಗೈ ಬೆರಳುಗಳಿಗೆ ಕೆಂಪು ಬಣ್ಣ ಹತ್ತಿತ್ತು, ನನ್ನ ಬೆರಳುಗಳಿಗೂ. ಅವನದು ರೇಷ್ಮೆಯ ಬಣ್ಣ. ಕಾಲು ಮುಟ್ಟಿದೆ. ತಣ್ಣಗಿದ್ದವು.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ವೈನಿ ಹೇಳಿ ಕಳಿಸಿದರು. ನಾನೂ ಹೆಂಡತಿಯೂ ಹೋದೆವು. ಒಂಬತ್ತು ವರ್ಷದ ಮೇಲೆ ಆ ಪಡಸಾಲೆಯಲ್ಲಿ ಕುಳಿತೆ. ಗೋಡೆ ಆ ಕಡೆಯಿಂದಲೂ ಹಾಗೇ ಇತ್ತು. ಒಂದು ಕಡೆ ಮಾತ್ರ, ಮನುಷ್ಯನ ಬೆನ್ನಿನ ಎತ್ತರಕ್ಕೆ, ಸುಣ್ಣ ಎದ್ದುಹೋಗಿ ನುಣುಪಾಗಿತ್ತು. ವೈನಿ ಅಣ್ಣನ ಮೊಬೈಲನ್ನು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟರು.

"ಇದರಾಗ ಏನೇನ ಐತಿ ನೋಡ್ರಿ. ನನಗ ತಿಳಿಯಂಗಿಲ್ಲ."

ನೋಡಿದೆ. ನಾನು ಕಳಿಸಿದ ಹೊಂಡ ಇತ್ತು, ಮಂಗ್ಯಾ ಇತ್ತು. ಕೊನೆಯಲ್ಲಿ ಅವನೇ ತೆಗೆದದ್ದು, ನನಗೆ ಬಾರದೆ ಉಳಿದದ್ದು ಒಂದಿತ್ತು: ಮಗ್ಗದ ಹಲಗೆಯ ಮೇಲೆ ಎರಡು ಬಟ್ಟಲು ಬೇವು.

"ಯುಗಾದಿದು" ಎಂದರು ವೈನಿ. ಆಮೇಲೆ, "ಮಾಸ್ತರ, ಒಂದ ಮಾತ ಕೇಳಲೇನ್ರಿ?"

"ಕೇಳ್ರಿ ವೈನಿ."

"ನೀವ್ಯಾಕ ಬಂದ ಮಾಡಿದ್ರಿ?"

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. "ದಿನಾ ನಾ ದೀಪಾ ಹಚ್ಚಿದ ಕೂಡ್ಲೆ ಮಗ್ಗಾ ಬಿಟ್ಟ ಎದ್ದು, ಇದನ್ನ ಹಿಡಕೊಂಡು ಅಲ್ಲೆ ಗ್ವಾಡಿಗಿ ಬೆನ್ನ ಹಚ್ಚಿ ಕುಂದರತಿದ್ರು. ಥಂಡಿ ದಿನದಾಗ ಕುಂತ ಗಳಿಗ್ಯಾಗ ನಿಮ್ಮ ಹೆಸರ ಬರತಿತ್ತು. ಆಮ್ಯಾಲೆ ಬರಲೇ ಇಲ್ಲ. ಊಟಕ್ಕ ಕರಿಯೂ ತನಕಾ ಕುಂದರತಿದ್ರು."

"ದೀಪಾ ಹಚ್ಚಿದ ಮ್ಯಾಲೆ?"

"ಹೌದ್ರಿ. ನೀವ ಹೇಳಿ ಕಳಿಸಿದ್ರಲ್ಲ. ಆರಕ್ಕ ಅಂದಿದ್ರು ನಿಮ್ಮ ಮನಿಯವ್ರು. ನಮ್ಮ ಮನ್ಯಾಗ ಗಡಿಯಾರ ಯಾರ ನೋಡತಾರ್ರಿ, ಬೆಳಕ ಇರೂ ತನಕಾ ಮಗ್ಗ. ಇದರಾಗಿನ ಗಡಿಯಾರ ಅಂತೂ ಚಾರ್ಜ ಹೋದಾಗೊಮ್ಮೆ ಹನ್ನೆರಡಕ್ಕ ಬಂದ ನಿಂದರತೈತಿ. ಅದಕ್ಕ, ದೀಪಾ ಹಚ್ಚೂ ಹೊತ್ತಿಗಿ ಅಂತ ನಾನ ಹೇಳಿದ್ದೆ ಅವರಿಗೆ."

ದೀಪಾವಳಿಯ ಹೊತ್ತಿಗೆ ಅವರ ಮಾತಿನಲ್ಲಿ ಒಂದು ನಿಮಿಷದ ತಪ್ಪೂ ಇರಲಿಲ್ಲ. ಆಗ ದೀಪ ಹಚ್ಚುವುದೂ ಆರಕ್ಕೇ. ಶಿವರಾತ್ರಿಗೆ ಅದು ಆರೂ ಮೂವತ್ತೈದು. ಯುಗಾದಿಗೆ ಇನ್ನೂ ಮುಂದೆ. ನಾನು ಆರೂವರೆಗೆ ಬಂದ್ ಮಾಡಿ ಏಳುತ್ತಿದ್ದೆ, ಅವನು ಅದಾಗಿ ಐದು ನಿಮಿಷಕ್ಕೆ ಬಂದು ಗೋಡೆಗೆ ಒರಗುತ್ತಿದ್ದ. ಒಂದೂವರೆ ಅಡಿ ಆಚೆ ನಾನು ಬೆನ್ನು ತೆಗೆದ ಜಾಗಕ್ಕೆ. ಗೋಲ ತಿರುಗಿಸಿ ಪಾಠ ಮಾಡಿದ್ದು ನೆನಪಾಯಿತು. ಅದನ್ನು ವೈನಿಗೆ ಹೇಳಿದರೆ ಅವರಿಗೆ ಒಂದೇ ಕ್ಷಣದಲ್ಲಿ ತಿಳಿಯುತ್ತಿತ್ತು. ಮಗ್ಗದ ಮನೆಯ ಹೆಂಗಸಿಗೆ ಬೆಳಕಿನ ಲೆಕ್ಕ ಕಲಿಸಬೇಕಾಗಿಲ್ಲ.

ನನ್ನ ಹೆಂಡತಿಗೂ ತಿಳಿದಿತ್ತು. ಅವಳು ಬಾಯಿ ತೆರೆದಳು. ನಾನು ಅವಳನ್ನು ನೋಡಿದೆ. ಮುಚ್ಚಿಕೊಂಡಳು.

"ಬ್ಯಾಟರಿ ಉಳೀಲಿ ಅಂತ ನಾನ ಬಂದ ಮಾಡಿದ್ದೆ, ವೈನಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಬ್ಯಾಟರಿ" ಎಂದರು. "ಅವ್ರೂ ಹಂಗ ಅಂತಿದ್ರು. ಅಂವಂದು ಬ್ಯಾಟರಿ ಹೋಗಿರತೈತಿ, ನಾಳೆ ಬರತಾನ ಅಂತ. ನಾ ನಿಮಗ ಬೈತಿದ್ದೆ. ಮಾತ ಬಿಡೂದು ರೂಢಿ ಆಗೇತಿ ಅಂವಗ, ಮತ್ತ ಬಿಟ್ಟಾನ ಅಂತಿದ್ದೆ. ಬೈಬ್ಯಾಡ ಅಂತಿದ್ರು." ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಾ ಬೈದದ್ದ ಖರೆ ಆತ ನೋಡ್ರಿ."

ಎದ್ದು ಒಳಗೆ ಹೋದರು. ಇನ್ನು ಅವರು ಹೊರಗೆ ಬರುವುದಿಲ್ಲವೆಂದು ತಿಳಿದ ಮೇಲೆ ನಾವೂ ಎದ್ದೆವು.

ಮನೆಗೆ ಬಂದು ಹೆಂಡತಿ ಅಡುಗೆ ಮನೆಯ ಬಾಗಿಲಿಗೆ ಆತುಕೊಂಡು ನಿಂತಳು. "ತಪ್ಪ ಯಾರದೂ ಅಲ್ಲ. ಇದ್ದಂಗ ಹೇಳಿದ್ರ ಆಗತಿತ್ತಲ್ಲ?"

"ಇದ್ದಂಗ ಹೇಳಿದ್ರ, ತಮ್ಮ ಮಾತಿನಿಂದ ಹಿಂಗಾತು ಅಂತ ತಿಳಕೋತಾರ ವೈನಿ."

"ನಿಮ್ಮ ಮ್ಯಾಲ ಸಿಟ್ಟ ಮಾಡ್ತಾರ ಈಗ."

"ಮಾಡ್ಲಿ. ನಾ ಹೆಂಗೂ ಮಗ್ಗಲ ಮನಿಯಾಂವ, ಸಿಟ್ಟ ಮಾಡಾಕ ಅನುಕೂಲ ಐತಿ" ಎಂದೆ. ನಗಿಸಲೆಂದು ಹೇಳಿದ್ದು. ಅವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆ ತಿರುಗಿದಳು. "ಮತ್ತ, ನೀವ ಹೇಳಿದ್ದು ಪೂರಾ ಸುಳ್ಳೇನೂ ಅಲ್ಲ ಬಿಡ್ರಿ" ಎಂದಳು. ಕೇಳಬೇಡ ಎಂದವನು ನಾನೇ.

ಇದಾಗಿ ಈಗ ಕೆಲವು ವರ್ಷಗಳಾದವು. ವೈನಿ ನನ್ನ ಹೆಂಡತಿಯೊಂದಿಗೆ ಮೊದಲಿನಂತೆ ಮಾತಾಡುತ್ತಾರೆ. ನನ್ನ ಸುದ್ದಿ ಬಂದರೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೊರಡುತ್ತಾರಂತೆ. ಓಣಿಯಲ್ಲಿ ನಾನು ಎದುರಾದರೆ ನೇರವಾಗಿ ನೋಡುತ್ತಾರೆ, ಬೇರೆಲ್ಲೂ ನೋಡುವುದಿಲ್ಲ. ನಾನು ಬದಿಗೆ ಸರಿದು ಹಾದಿ ಬಿಡುತ್ತೇನೆ.